ಕಂತು ಕಟ್ಟುವಾಗ ಯಾರೂ ಬಿಡಿಸಿ ಹೇಳದ ಪದಗಳು

ಅಮ್ಮನ ಶಸ್ತ್ರಚಿಕಿತ್ಸೆಯ ಬಿಲ್ಲಿನ ಕೆಳತುದಿಯಲ್ಲಿದ್ದ 'ಡಿಡಕ್ಟಿಬಲ್', 'ಕೋ-ಪೇ' ಎಂಬ ಎರಡು ಸಾಲುಗಳ ಮೇಲೆ ಬೆರಳಿಟ್ಟುಕೊಂಡು ನಾನು ಅರ್ಧ ಗಂಟೆ ನಿಂತಿದ್ದೆ. ಮೊದಲನೆಯದು ವಿಮಾ ಕಂಪನಿ ಬಿಲ್ಲಿಗೆ ಹಣ ಕೊಡಲು ಶುರುಮಾಡುವ ಮುನ್ನ ನಾವೇ ಭರಿಸಬೇಕಾದ ನಿಗದಿತ ಮೊತ್ತ. ಎರಡನೆಯದು, ನಮ್ಮ ಪಾಲಿಸಿಯಲ್ಲಿ, ಉಳಿದ ಖರ್ಚಿನ ಶೇ. 10. ಅಂದರೆ 1,00,000 ಬಿಲ್ಲಿಗೆ 20,000 ಡಿಡಕ್ಟಿಬಲ್ ಇದ್ದರೆ ನಮ್ಮ ಕೈಯಿಂದ ಹೋಗುವುದು ಒಟ್ಟು 28,000. ಇಷ್ಟನ್ನು ಕಂತು ಕಟ್ಟಿಸಿಕೊಳ್ಳುವಾಗಲೇ ತಿಳಿಸಲು ಏನು ಅಡ್ಡಿಯಿತ್ತು?

'ಕಾಯುವ ಅವಧಿ' ಎಂದರೆ ಹಣ ಕೈಸೇರಲು ಕಾಯಬೇಕಾದ ದಿನಗಳೆಂದೇ ನಾನು ತಿಳಿದಿದ್ದೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಅಷ್ಟು ಕಾಲ ವಿಮೆಯ ರಕ್ಷಣೆಯೇ ಇಲ್ಲವೆಂಬುದು ಅರ್ಥವಾದದ್ದು, ಅಮ್ಮನ ಸಕ್ಕರೆ ಕಾಯಿಲೆಯ ಕ್ಲೇಮ್ ತಿರಸ್ಕೃತವಾದ ಮೇಲೆ.