ಸದ್ಯದಲ್ಲೇ ಎಂಬ ಸಪ್ತಮೀ ವಿಭಕ್ತಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ತಿನ್ನುವವನಿಗೆ ಓದುವ ಸುಖವೂ ಬಿಟ್ಟಿಯಾಗಿ ಸಿಗುತ್ತದೆ. ಮೊನ್ನೆ ನನ್ನ ಪಾಲಿಗೆ ಬಂದದ್ದು ಹಳೆಯ ವಾರಪತ್ರಿಕೆಯೊಂದರ ಹಾಳೆ. ಎಣ್ಣೆ ಹೀರಿಕೊಂಡು ಅದು ಗಾಜಿನಂತಾಗಿತ್ತು. ಹಿಂದಿನ ಪುಟದ ಸೀರೆ ಜಾಹೀರಾತಿನ ಹೆಂಗಸು ಮುಂದಿನ ಪುಟದ ಮಂತ್ರಿಗಳ ಭಾಷಣದೊಳಗಿಂದ ನಗುತ್ತಿದ್ದಳು. ತಾರೀಖು ಇದ್ದ ಮೂಲೆ ಹರಿದುಹೋಗಿತ್ತು. ಸುದ್ದಿ ಇಷ್ಟು: ಊರಿನ ರಸ್ತೆಯೊಂದರ ಅಗಲೀಕರಣ ಸದ್ಯದಲ್ಲೇ ಆರಂಭವಾಗಲಿದೆ.

ನಾನು ಆ ರಸ್ತೆಯಲ್ಲೇ ನಿಂತಿದ್ದೆ. ಬಸ್ಸು ಬಂದಾಗಲೆಲ್ಲ ಪೊಟ್ಟಣ ಎದೆಗವುಚಿಕೊಂಡು ಚರಂಡಿಯ ಚಪ್ಪಡಿ ಹತ್ತುತ್ತಿದ್ದೆ. ಹಾಗಾಗಿ ಹೋದ ವಾರದ ಸುದ್ದಿಯೇ ಇರಬೇಕೆಂದುಕೊಂಡೆ. ಆದರೆ ಕೆಳಗಿನ ಸಾಲಿನಲ್ಲಿ ‘ಚಿತ್ರದುರ್ಗ ಜಿಲ್ಲೆಯ ದಾವಣಗೆರೆ’ ಎಂದಿತ್ತು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅಂದರೆ ಆ ‘ಸದ್ಯ’ಕ್ಕೆ ಈಗ ಮದುವೆಯಾಗಿ ಮಕ್ಕಳಿರುವ ವಯಸ್ಸು.

“ಇದು ಯಾವ ಕಾಲದ ರದ್ದಿ ಅಣ್ಣಾ?” ಎಂದೆ.

“ತೂಕಕ್ಕೆ ತಂದದ್ದು ಸರ್, ತಾರೀಖು ನೋಡಿ ತಂದಿಲ್ಲ” ಎಂದು ಅವನು ಎಣ್ಣೆಗೆ ಇನ್ನೊಂದು ಮಿರ್ಚಿ ಬಿಟ್ಟ.

ಸಂಸ್ಕೃತದಲ್ಲಿ ‘ಸದ್ಯಃ’ ಎಂದರೆ ಅದೇ ದಿನ, ಆ ಕ್ಷಣವೇ. ಅಲ್ಲಿಂದ ಅಷ್ಟು ಅವಸರದಲ್ಲಿ ಹೊರಟ ಪದ ಕನ್ನಡದ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡ ಕೂಡಲೇ ಸರ್ಕಾರಿ ನೌಕರಿಗೆ ಸೇರಿಬಿಟ್ಟಿತು. ಚತುರ್ಥಿ ಹಚ್ಚಿ ‘ಸದ್ಯಕ್ಕೆ’ ಎಂದರೆ ಮುಂದಿನ ಪದ ‘ಇಲ್ಲ’ ಎಂಬುದು ಮಗುವಿಗೂ ಗೊತ್ತು: ಸದ್ಯಕ್ಕೆ ಅನುದಾನವಿಲ್ಲ, ಸದ್ಯಕ್ಕೆ ಸಾಹೇಬರಿಲ್ಲ. ಸಪ್ತಮಿ ಹಚ್ಚಿ, ಮೇಲೊಂದು ಏಕಾರ ಒತ್ತಿ ‘ಸದ್ಯದಲ್ಲೇ’ ಎಂದರೆ ಅದೇ ‘ಇಲ್ಲ’ಕ್ಕೆ ಶಾಲು ಹೊದಿಸಿದಂತೆ. ಆ ಏಕಾರವನ್ನು ವ್ಯಾಕರಣದವರು ಅವಧಾರಣೆ ಎನ್ನುತ್ತಾರೆ. ಖಚಿತವಾಗಿ ಹೇಳುವುದಕ್ಕೆ ಇರುವಂಥದ್ದು. ಭಾಷಣಕಾರರು ಅದನ್ನು ಎಷ್ಟು ಎಳೆಯುತ್ತಾರೋ ಅಷ್ಟು ವರ್ಷ ಎಂದು ನಾವು ಲೆಕ್ಕ ಹಿಡಿದುಕೊಳ್ಳಬೇಕು. ಹಳೆಯ ಪತ್ರಿಕೆಗಳವರು ಪಾಪ, ವೇದಿಕೆಯಲ್ಲಿ ಕೇಳಿದ್ದನ್ನು ಏಕಾರ ಸಮೇತ ಅಚ್ಚು ಹಾಕಿದರು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಈ ಒಂದು ಪದವನ್ನು ಬಿಚ್ಚದೆ ಕಟ್ಟಿಯೇ ಇಟ್ಟಿರುತ್ತಿದ್ದರೆಂದು ನನ್ನ ಗುಮಾನಿ. ವಾರವಾರವೂ ಬೇಕಾಗುತ್ತಿತ್ತಲ್ಲ!

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ 2011-12ರ ರೈಲ್ವೆ ಬಜೆಟ್‌ನಲ್ಲಿ ಬಂತು. ಬಂದದ್ದು ಬಜೆಟ್‌ನಲ್ಲಿ. ನಾವು ಮಾತ್ರ ಬೆಂಗಳೂರಿಗೆ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗುತ್ತಿದ್ದೇವೆ. ಪಕ್ಕದ ದುರ್ಗಕ್ಕೂ ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದವನು ಚಿಕ್ಕಜಾಜೂರಿಗೆ ಹೋಗಿ ತಿರುಗಿಕೊಳ್ಳಬೇಕು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಸುದ್ದಿ ನಂಬಿ ಅಡಿಕೆ ಸಸಿ ನೆಟ್ಟ ನನ್ನ ಚಿಕ್ಕಪ್ಪ ಸದ್ಯಕ್ಕೆ ಟ್ಯಾಂಕರ್ ನೀರು ಹಾಕಿಸುತ್ತಿದ್ದಾರೆ.

ಬಾಯಿ ಬಿಡದೆ ಕೆಲಸ ಮಾಡಿದ್ದು ಮಾರಿಕಣಿವೆ ಅಣೆಕಟ್ಟೆಯೊಂದೇ. 1933ರಲ್ಲಿ ಕೋಡಿ ಬಿದ್ದ ಅಲ್ಲಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಅದು ಒಮ್ಮೆಯೂ ಪತ್ರಿಕಾಗೋಷ್ಠಿ ಕರೆಯಲಿಲ್ಲ. ನೋಡಲು ಹೋಗಿದ್ದ ಚಿಕ್ಕಪ್ಪ ಕಣ್ಣೊರೆಸಿಕೊಂಡು, “ಸದ್ಯ, ಇದೊಂದನ್ನು ಕಂಡೆ” ಎಂದಿದ್ದರು. ವಿಭಕ್ತಿ ಹಚ್ಚದ ‘ಸದ್ಯ’ ಕೇಳಿ ಎಷ್ಟು ಕಾಲವಾಗಿತ್ತೋ.

ಗಾಡಿಯ ಬಳಿ ನನ್ನ ಪಕ್ಕದಲ್ಲೊಬ್ಬ ಯಜಮಾನರು ಈರುಳ್ಳಿ ಕಚ್ಚುತ್ತ ನಿಂತಿದ್ದರು. ಹಾಳೆಯ ಸುದ್ದಿಯನ್ನು ಅವರಿಗೂ ಜೋರಾಗಿ ಓದಿ ಹೇಳಿದೆ. ಯಾವ ವರ್ಷದ್ದೆಂದು ಅವರು ಕೇಳಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಚಪ್ಪಡಿ ಹತ್ತಿದೆವು.

“ಸದ್ಯ!” ಎಂದರು ಅವರು, ಮುಖವರಳಿಸಿ. “ಈಗಲಾದರೂ ಮನಸ್ಸು ಮಾಡಿದರಲ್ಲ.”