ತಂತಿ ನೋಡೋಕೆ ಅಂತಲೇ ಒಬ್ಬ ಬೇಕು

ಮೆಲ್ಬರ್ನ್‌ನಲ್ಲೂ ಬೆಂಗಳೂರಿನಲ್ಲೂ ಮಡಚುವ ಉದ್ದನೆಯ ತೋಳಿನಿಂದ (ಅದೇ ಬೂಮ್) ಕಾಂಕ್ರೀಟನ್ನು ಮೇಲಕ್ಕೆ ಏರಿಸುವ ಬೂಮ್ ಪಂಪ್ ಒಂದೇ ತರಹದ್ದು. ಎಷ್ಟೋ ಸಲ ಕಂಪನಿಯೂ ಅದೇ, ಪುಟ್ಜ್‌ಮೈಸ್ಟರ್ ಇಲ್ಲವೇ ಶ್ವಿಂಗ್. ಆದರೆ ಇಲ್ಲಿ, ಮೆಲ್ಬರ್ನ್‌ನಲ್ಲಿ, ಕರೆಂಟ್ ತಂತಿ ಹತ್ತಿರ ಇದ್ದರೆ ಅದನ್ನು ನೋಡೋಕೆ ಅಂತಲೇ ಒಬ್ಬ ನಿಂತಿರುತ್ತಾನೆ, ನಮ್ಮೂರಲ್ಲಿ ನಿಂತಿರುವುದಿಲ್ಲ.

ನಾನಿರುವ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ವಿದ್ಯುತ್ ಕಂಪನಿ ಒಪ್ಪದೆ ಕಂಬದ ಲೈನಿನ 3 ಮೀಟರ್ ಒಳಗೆ ಯಂತ್ರ ಹೋಗುವಂತಿಲ್ಲ. 3ರಿಂದ 6.4 ಮೀಟರ್ ನಡುವೆ ಕೆಲಸ ಇದ್ದರೆ ತರಬೇತಿ ಪಡೆದ ಸ್ಪಾಟರ್, ಅಂದರೆ ತಂತಿ ನೋಡುವವನು, ಇರಲೇಬೇಕು. ದೊಡ್ಡ ಟವರ್ ಲೈನಿಗೆ ಇದೇ ಅಳತೆ 8 ಮತ್ತು 10 ಮೀಟರ್. ಸ್ಪಾಟರ್ ಹೋಸ್ ಹಿಡಿಯುವುದಿಲ್ಲ, ಮಿಕ್ಸರ್ ಲಾರಿ ರಿವರ್ಸ್ ತೆಗೆಸುವುದಿಲ್ಲ. ಬೂಮಿಗೂ ತಂತಿಗೂ ನಡುವಿನ ಜಾಗ ನೋಡುತ್ತಾನೆ, ಕಮ್ಮಿಯಾದರೆ ನಿಲ್ಲಿಸುತ್ತಾನೆ.

ಇದು ಅತಿಯಾಯ್ತು ಅನ್ನುವವರು ಪಂಪ್ ಆಪರೇಟರ್ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಲಿ. ಕೈಯಲ್ಲಿ ರಿಮೋಟ್, ಕಣ್ಣೆಲ್ಲ ಹೋಸ್ ತುದಿ ಮೇಲೆ, ಅಷ್ಟರಲ್ಲಿ ಹಿಂದೆ ಮೇಲಕ್ಕೆ ಮಡಚಿಕೊಂಡಿರುವ ಬೂಮಿನ ಮೊಣಕೈ ಎಲ್ಲಿ ಹೋಯಿತು ಅಂತ ಅವನಿಗೆ ಗೊತ್ತೇ ಆಗುವುದಿಲ್ಲ. ಪಂಪಿನ ಪ್ರತಿ ಸ್ಟ್ರೋಕಿಗೂ ಬೂಮ್ ಕುಣಿಯುತ್ತದೆ. ಪೈಪಿನಲ್ಲಿ ಕಟ್ಟಿಕೊಂಡ ಕಾಂಕ್ರೀಟ್ ಒಮ್ಮೆಲೇ ಬಿಟ್ಟುಕೊಂಡರೆ ಎಗರುತ್ತದೆ. 11 ಕೆವಿ, ಅಂದರೆ 11 ಸಾವಿರ ವೋಲ್ಟಿನ, ತಂತಿಯನ್ನು ಮುಟ್ಟಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಕರೆಂಟ್ ಹಾರಿ ಬರುತ್ತದೆ. ಆಗ ಹೋಸ್ ಹಿಡಿದು ಹಸಿ ಕಾಂಕ್ರೀಟಿನಲ್ಲಿ ನಿಂತಿರುವವನು ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕೆಲಸಕ್ಕೆ ಬಂದ ಹುಡುಗ.

ನಮ್ಮ ನಿಯಮದಲ್ಲಿ ಕಟ್ಟಡಕ್ಕೂ 11 ಕೆವಿ ಲೈನಿಗೂ ಅಡ್ಡಕ್ಕೆ 1.2 ಮೀಟರ್ ಬಿಡಬೇಕು ಅಂತಿದೆ. ಅದು ನಿಂತ ಗೋಡೆಯ ಲೆಕ್ಕ, ಅಲ್ವಾ? ಕುಣಿಯುವ ಬೂಮಿಗೆ ಅದು ಹೇಗೆ ಸಾಕಾಗುತ್ತದೆ? ಎಷ್ಟೋ ಬೀದಿಗಳಲ್ಲಿ ಅಷ್ಟೂ ಬಿಟ್ಟಿರುವುದಿಲ್ಲ, ತಂತಿಗೆ ಪಿವಿಸಿ ಪೈಪ್ ತೊಡಿಸಿ ಧೈರ್ಯ ಹೇಳಿಬಿಡುತ್ತಾರೆ. ಇಲ್ಲಿಯೂ ತಂತಿಗೆ ಟೈಗರ್ ಟೇಲ್ ಅನ್ನುವ ಹೊದಿಕೆ ಹಾಕುತ್ತಾರೆ. ಅದು ತಂತಿ ಕಣ್ಣಿಗೆ ಬೀಳಲಿ ಅಂತ ಅಷ್ಟೇ. ಅದನ್ನು ಹಾಕಿದರು ಅಂತ ಯಾರೂ ಹತ್ತಿರ ಹೋಗುವಂತಿಲ್ಲ.

ಇಲ್ಲಿಯ ಅಗಲ ರಸ್ತೆಗಳ ಅಳತೆ ನಮ್ಮ 30×40 ಸೈಟುಗಳ ಬೀದಿಗೆ ಹೊಂದುವುದಿಲ್ಲ, ಒಪ್ಪುತ್ತೇನೆ. 6.4 ಮೀಟರ್ ಅಂದರೆ ಎಷ್ಟೋ ಕ್ರಾಸ್‌ಗಳಲ್ಲಿ ರಸ್ತೆಯೇ ಮುಗಿದುಹೋಗುತ್ತದೆ. ತಂತಿ ಬೂಮಿಗೆ ತೀರಾ ಹತ್ತಿರ ಬರುವಂಥ ಕಡೆ ಬೂಮ್ ಎತ್ತಲೇಬಾರದು. ನೆಲದ ಮೇಲೆ ಪೈಪ್ ಎಳೆದು ಪಂಪ್ ಮಾಡಲಿ, ಇಲ್ಲವೇ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಮೊದಲೇ ಬರೆದುಕೊಟ್ಟು, ಲೈನ್ ಆಫ್ ಮಾಡಿಸಿಕೊಂಡು ಮೋಲ್ಡ್ ಹಾಕಲಿ. ಉಳಿದ ಕಡೆ ಒಬ್ಬನನ್ನು ಬರೀ ತಂತಿ ನೋಡೋಕೆ ನಿಲ್ಲಿಸಿ. ರೆಡಿಮಿಕ್ಸ್‌ಗೆ ಲಕ್ಷಗಟ್ಟಲೆ ಕೊಡುವ ಮನೆ ಯಜಮಾನರಿಗೆ ಒಬ್ಬನ ಒಂದು ದಿನದ ಕೂಲಿ ಜಾಸ್ತಿಯಾಗುವುದಿಲ್ಲ. ಅವನು ನಿಲ್ಸಿ ಅಂದರೆ ಬೂಮ್ ನಿಲ್ಲಲೇಬೇಕು ಅಂತ ಮೇಸ್ತ್ರಿಗೂ ಆಪರೇಟರ್‌ಗೂ ಮೊದಲ ಲಾರಿ ಖಾಲಿಯಾಗುವ ಮುಂಚೆಯೇ ಹೇಳಿಬಿಡಿ.