ಇದು ಡಾಕ್ಟರ್ ಪ್ರೇಮಕಥೆ ಅಲ್ಲ

ನಿಮ್ಮ ಲೇಖನದಲ್ಲಿ ‘ವೇಟ್ರೆಸ್’ ಸಿನಿಮಾವನ್ನು ಬಸುರಿ ವೇಟ್ರೆಸ್ ಜೆನ್ನಾ ಮತ್ತು ಅವಳ ಡಾಕ್ಟರ್ ನಡುವಿನ ಪ್ರೇಮಕಥೆ ಅಂತ ಬರೆದಿದ್ದೀರಿ, ನಾನು ಒಪ್ಪುವುದಿಲ್ಲ. ಗಂಡ ಅರ್ಲ್ ಅವಳು ದುಡಿದ ದುಡ್ಡನ್ನೆಲ್ಲ ಕಿತ್ತುಕೊಳ್ಳುತ್ತಾನೆ, ಹುಟ್ಟುವ ಮಗುವನ್ನು ತನಗಿಂತ ಜಾಸ್ತಿ ಪ್ರೀತಿಸಬಾರದು ಅಂತ ಮಾತು ಬೇರೆ ತೆಗೆದುಕೊಳ್ಳುತ್ತಾನೆ, ಅಂಥವನ ಜೊತೆ ಇದ್ದುಕೊಂಡು ಜೆನ್ನಾ ತನ್ನ ಸಿಟ್ಟು, ಸಂಕಟವನ್ನೆಲ್ಲ ತಾನು ಮಾಡುವ ಪೈಗಳಿಗೆ (ಹೂರಣ ತುಂಬಿ ಬೇಯಿಸಿದ ತಿನಿಸು) ಹೆಸರಾಗಿ ಇಡುತ್ತಾಳಲ್ಲ, ಅಲ್ಲಿ ನಗುವೂ ಬರುತ್ತದೆ, ಕರುಳೂ ಚುರುಕ್ ಅನ್ನುತ್ತದೆ. ಆ ಸಣ್ಣ ಊರಲ್ಲಿ ಅವಳಿಗೆ ನಿಜವಾಗಿ ಆಸರೆಯಾದವರು ಇಬ್ಬರು ಗೆಳತಿಯರು, ಅವಳು ಕೆಲಸ ಮಾಡುವ ಹೋಟೆಲಿನ ಮಾಲೀಕ ಮುದುಕ ಜೋ. ಮಗು ಹುಟ್ಟಿದ ಮೇಲೆ ಗಂಡನನ್ನೂ ಬೇಡ ಅನ್ನುತ್ತಾಳೆ, ಡಾಕ್ಟರನ್ನೂ. ಸಿನಿಮಾದ ಜೀವ ಇರುವುದು ಅಲ್ಲೇ ಅಲ್ವಾ?

ಇನ್ನೊಂದು ಮಾತು. ಕಥೆ ಬರೆದು, ನಿರ್ದೇಶಿಸಿ, ಗೆಳತಿ ಡಾನ್ ಪಾತ್ರವನ್ನೂ ಮಾಡಿದ ಏಡ್ರಿಯನ್ ಶೆಲ್ಲಿ 2006ರ ನವೆಂಬರ್‌ನಲ್ಲಿ ಕೊಲೆಯಾದರು. 2007ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಸಿನಿಮಾ ತೆರೆಕಂಡಾಗ ಅವರೇ ಇರಲಿಲ್ಲ. ಲೇಖನದಲ್ಲಿ ಅವರ ಹೆಸರೂ ಇಲ್ಲದ್ದು ತುಂಬಾ ಬೇಸರವಾಯಿತು, ದಯವಿಟ್ಟು ಸೇರಿಸಿ.